ಕಬ್ಬಿಣದ ಮಾತ್ರೆಯ ಕಥೆ, ನಂಜಿನ ಕಥೆ



‘ನಂಜು’ ಎಂಬ ಮಾತು ಕನ್ನಡಕ್ಕೂ ತಮಿಳಿಗೂ ಒಂದೇ. ಮಾರ್ಕಯನ್‌ಕೋಟ್ಟೈಯ ನಿಮಗೆ ಅದರ ಅರ್ಥ ಹೇಳಬೇಕಾಗಿಲ್ಲ. ಬಸುರಿಯ ಮುಖ, ಕೈಕಾಲು ಬಾತು, ಕೊನೆಗೆ ಸೆಳವು ಬಂದರೆ, ರಕ್ತದಲ್ಲಿ ನಂಜು ಸೇರಿದೆ ಎಂದೇ ಹಿಂದಿನ ವೈದ್ಯರೂ ನಂಬಿದ್ದರು. ಇಂಗ್ಲಿಷ್ ಗ್ರಂಥಗಳಲ್ಲಿ ಅದಕ್ಕೆ ಟಾಕ್ಸೀಮಿಯಾ ಎಂಬ ಹೆಸರಿತ್ತು. ಎಷ್ಟು ಹುಡುಕಿದರೂ ಅವರು ಹೇಳಿದ ಆ ವಿಷ ಸಿಗಲಿಲ್ಲ. ಸಿಕ್ಕಿದ್ದು ರಕ್ತದೊತ್ತಡ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಕಟ್ಟುವ ಪಟ್ಟಿಯನ್ನು ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದರೊಡನೆ ನಾಡಿಯ ಸದ್ದು ಕೇಳುವ ಕ್ರಮವನ್ನು ಸೇರಿಸಿದರು. ಆಗ ಸೆಳವಿಗೆ ಮುಂಚೆಯೇ ಅಪಾಯವನ್ನು ಅಳೆಯುವಂತಾಯಿತು.

ಕಬ್ಬಿಣದ ಕಥೆ ಇನ್ನೂ ಹಳೆಯದು. 1746ರ ಸುಮಾರಿಗೆ ಇಟಲಿಯ ಮೆಂಗಿನಿ ಎಂಬವರು ರಕ್ತವನ್ನು ಸುಟ್ಟು, ಬೂದಿಗೆ ಅಯಸ್ಕಾಂತ ಹಿಡಿದು, ರಕ್ತದಲ್ಲಿ ಕಬ್ಬಿಣವಿದೆ ಎಂದು ತೋರಿಸಿದರು. ಆದರೆ ಎಲ್ಲ ರಕ್ತಹೀನತೆಗೂ ಕಬ್ಬಿಣವೊಂದೇ ಮದ್ದಲ್ಲ. ಅದಕ್ಕೆ ಒಂದು ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದು ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆಯನ್ನು ಪರೀಕ್ಷಿಸಿದರು. ನಮ್ಮ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಯೀಸ್ಟಿನ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. ಆ ಸಾರದಲ್ಲಿದ್ದುದೇ ಮುಂದೆ ಫೋಲಿಕ್ ಆಮ್ಲವೆಂಬ ಹೆಸರು ಪಡೆದ ಸತ್ವ. 1970ರಲ್ಲಿ ಭಾರತ ಸರ್ಕಾರ ಕಬ್ಬಿಣ ಮತ್ತು ಫೋಲಿಕ್ ಆಮ್ಲವನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ ಬಸುರಿಯರಿಗೆ ಕೊಡಲು ಆರಂಭಿಸಿತು.

ಈ ಎರಡು ಕಥೆಗಳು ಒಬ್ಬಳೇ ಬಸುರಿಯಲ್ಲಿ ಕೂಡಿದರೆ? ‘ನಿನಗೆ ಬಿ.ಪಿ. ಇದೆ, ರಕ್ತವೂ ಹನ್ನೆರಡು ಇದೆ, ಇನ್ನು ಮಾತ್ರೆ ಏಕೆ?’ ಎಂದು ಯಾರಾದರೂ ಹೇಳಬಹುದು. ಇಲ್ಲೇ ಎಚ್ಚರ ಬೇಕು.

ಸಾಮಾನ್ಯ ಬಸುರಿಯಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳುವಾಗುತ್ತದೆ. ಒತ್ತಡದ ತೊಂದರೆ ಇರುವವಳಲ್ಲಿ ಆ ನೀರು ಸಾಕಷ್ಟು ಹೆಚ್ಚುವುದಿಲ್ಲ. ಆದ್ದರಿಂದ ಹಿಮೋಗ್ಲೋಬಿನ್ ಇರುವುದಕ್ಕಿಂತ ಚೆನ್ನಾಗಿರುವಂತೆ ಕಾಣುತ್ತದೆ. ಕಾಯಿಲೆ ಬಲಿತರೆ ಕೆಂಪು ಕಣಗಳು ಒಡೆದು ಕಬ್ಬಿಣ ಹೊರಬೀಳುತ್ತದೆ. ದೇಹದ ಉರಿಯೂತದಿಂದ ಫೆರಿಟಿನ್ ಎಂಬ ಉಗ್ರಾಣದ ಲೆಕ್ಕವೂ ಏರುತ್ತದೆ. ಉಗ್ರಾಣ ತುಂಬಿದೆ ಎಂದು ಲೆಕ್ಕ ಹೇಳಿದರೂ ಒಳಗೆ ದವಸ ಕಡಿಮೆ ಇರಬಹುದು.

ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಕರುಳಿನಿಂದ ಎಷ್ಟು ಒಳಗೆ ಬಿಡಬೇಕೆಂದು ಯಕೃತ್ತಿನ ಹೆಪ್ಸಿಡಿನ್ ಎಂಬ ಕಾವಲುಗಾರ ತೀರ್ಮಾನಿಸುತ್ತಾನೆ. ಅವನ ಪರಿಚಯ ವಿಜ್ಞಾನಕ್ಕೆ ಆದದ್ದು 2000ದ ಆಚೀಚೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅವನು ಬಾಗಿಲು ಸಡಿಲಿಸುತ್ತಾನೆ. ಉರಿಯೂತವಿದ್ದರೆ ಬಿಗಿಯುತ್ತಾನೆ. ಒತ್ತಡದ ಕಾಯಿಲೆಯವರ ರಕ್ತದಲ್ಲಿ ಕಬ್ಬಿಣ ಹೆಚ್ಚಾಗಿ ಕಂಡುಬಂದ ಅಧ್ಯಯನಗಳಿವೆ; ಅದು ಕಾಯಿಲೆಯ ಫಲವೂ ಇರಬಹುದು. ಅದನ್ನೇ ಹಿಡಿದು ಮಾತ್ರೆಯ ಮೇಲೆ ತಪ್ಪು ಹೊರಿಸಿದರೆ, ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ತಾಯಿಗೆ ಇಲ್ಲದಂತಾಗುತ್ತದೆ.

ಒತ್ತಡವನ್ನು ಊರಲ್ಲೇ ಹಿಡಿಯುವ ಪ್ರಯತ್ನ ಕರ್ನಾಟಕದಲ್ಲಿ ನಡೆದಿದೆ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಗೇ ಹೋಗಿ ಬಸುರಿಯರ ಒತ್ತಡ ಅಳೆದರು. ಒಟ್ಟಾರೆ ಸಾವುನೋವು ಅದರಿಂದ ಎದ್ದು ಕಾಣುವಷ್ಟು ಇಳಿಯಲಿಲ್ಲ. ಅಳತೆಯೊಂದೇ ಸಾಲದು, ಅಳೆದ ಮೇಲೆ ಆಸ್ಪತ್ರೆಯೂ ಕೈಗೆ ಸಿಗಬೇಕು. ಸೆಳವಿಗೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದೇ ಮೇಲೆಂದು ಭಾರತವೂ ಸೇರಿದ್ದ ಪರೀಕ್ಷೆಯೊಂದು 1995ರಲ್ಲೇ ತೋರಿಸಿದೆ.

ಆದ್ದರಿಂದ, ತಾಯಂದಿರೇ, ಅತ್ತೆಯಂದಿರೇ, ಪ್ರತಿ ತಪಾಸಣೆಯಲ್ಲೂ ರಕ್ತವನ್ನೂ ಒತ್ತಡವನ್ನೂ ಎರಡನ್ನೂ ಕೇಳಿ ತಿಳಿಯಿರಿ. ಒತ್ತಡ 140ರ ಮೇಲೆ ಅಥವಾ ಕೆಳಗಿನ ಅಂಕಿ 90ರ ಮೇಲೆ ಹೋದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ, ಮೇಲ್ಹೊಟ್ಟೆ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕಬ್ಬಿಣದ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕ್ಯಾಲ್ಸಿಯಂ ಮಾತ್ರೆಯೊಡನೆ, ಚಹಾದೊಡನೆ ನುಂಗಬೇಡಿ. ನರ್ಸಮ್ಮನ ಹತ್ತಿರ ತಮಿಳಿನಲ್ಲಿ ಕೇಳಿ, ಮನೆಯಲ್ಲಿ ಕನ್ನಡದಲ್ಲಿ ತಿಳಿಸಿ.