ಗರ್ಭಾವಸ್ಥೆಯಲ್ಲಿ ಸ್ಥೂಲಕಾಯ: ತಾಯಿ ಮತ್ತು ಶಿಶುವಿಗಿರುವ ಅಪಾಯಗಳು

ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯ ತೂಕ ನೋಡುವುದು ತೂಕ ಕಡಿಮೆಯಿರುವವರನ್ನು ಗುರುತಿಸಲು ಮಾತ್ರ ಎಂಬ ಭಾವನೆ ಸಾರ್ವಜನಿಕರಲ್ಲಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಅಧಿಕ ತೂಕ ಅಥವಾ ಸ್ಥೂಲಕಾಯ ಉಳ್ಳವರ ಪ್ರಮಾಣ 2015-16ರಲ್ಲಿ ಶೇ. 23.3 ಇದ್ದುದು 2019-20ರಲ್ಲಿ ಶೇ. 30.1ಕ್ಕೆ ಏರಿದ್ದು, ಕಡಿಮೆ ತೂಕದವರ ಪ್ರಮಾಣ ಶೇ. 20.7ರಿಂದ ಶೇ. 17.2ಕ್ಕೆ ಇಳಿದಿರುತ್ತದೆ. ಆದಾಗ್ಯೂ ತುಮಕೂರು ನಗರವಾಗಲಿ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮಗಳಾಗಲಿ, ಬಸುರಿ ಹೆಣ್ಣು ದಪ್ಪಗಾದರೆ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದು ಮೆಚ್ಚುವವರೇ ಹೆಚ್ಚು.

ಮೊದಲ ತೂಕದ ಮಹತ್ವ

ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ಕಿಲೋಗ್ರಾಂ ತೂಕವನ್ನು ಭಾಗಿಸಿದರೆ ದೇಹ ತೂಕ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, 150 ಸೆಂ.ಮೀ. ಎತ್ತರ, 68 ಕೆ.ಜಿ. ತೂಕವಿರುವ ಮಹಿಳೆಯ ಸೂಚ್ಯಂಕ 30.2 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ 25 ಮತ್ತು ಮೇಲ್ಪಟ್ಟರೆ ಅಧಿಕ ತೂಕ, 30 ಮತ್ತು ಮೇಲ್ಪಟ್ಟರೆ ಸ್ಥೂಲಕಾಯ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ 25ನ್ನೇ ಸ್ಥೂಲಕಾಯದ ಮಿತಿಯೆಂದು ನಮ್ಮ ದೇಶದ ತಜ್ಞರು ಪರಿಗಣಿಸುತ್ತಾರೆ.

ಈ ಲೆಕ್ಕಕ್ಕೆ ಮೊದಲ ಮೂರು ತಿಂಗಳೊಳಗಿನ ತೂಕವೇ ಬೇಕು. ಐದನೆಯ ತಿಂಗಳಲ್ಲಿ ನೋಂದಾಯಿಸಿಕೊಂಡರೆ ಎಷ್ಟು ಮೊದಲೇ ಇತ್ತು, ಎಷ್ಟು ಬಸಿರಿನಿಂದ ಏರಿತು ಎಂಬುದು ತಿಳಿಯುವುದಿಲ್ಲ. ಆರಂಭಿಕ ಶಿಲ್ಕು ಬರೆಯದ ನಗದು ಪುಸ್ತಕದಂತೆ ಆ ತಾಯಿ ಕಾರ್ಡಿನ ಸ್ಥಿತಿಯಾಗುತ್ತದೆ.

ಉಂಟಾಗಬಹುದಾದ ತೊಂದರೆಗಳು

ಮುಖ್ಯವಾದವು ಎರಡು: ಗರ್ಭಾವಸ್ಥೆಯ ಮಧುಮೇಹ ಹಾಗೂ ಅಧಿಕ ರಕ್ತದೊತ್ತಡ. ಮಧುಮೇಹಕ್ಕೆ ಆರಂಭದಲ್ಲಿ ಯಾವ ಲಕ್ಷಣವೂ ಇರದಿರಬಹುದು. ಆದ್ದರಿಂದ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಮತ್ತೊಮ್ಮೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಲಾಗುತ್ತದೆ. ಫಲಿತಾಂಶ 140 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಅವಶ್ಯಕ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಮಗು ಅತಿಯಾಗಿ ಬೆಳೆದು ಹೆರಿಗೆಯಲ್ಲಿ ಭುಜ ಸಿಲುಕಬಹುದು. ಹುಟ್ಟಿದ ಕೂಡಲೇ ಶಿಶುವಿನ ರಕ್ತದಲ್ಲಿ ಸಕ್ಕರೆ ಅಂಶ ಕುಸಿಯಲೂಬಹುದು.

ರಕ್ತದೊತ್ತಡ 140/90 ಅಥವಾ ಹೆಚ್ಚಾಗಿ, ಮೂತ್ರದಲ್ಲಿ ಪ್ರೋಟೀನ್ ಕಂಡುಬಂದರೆ ಅದು ಗರ್ಭನಂಜಿನ ಸೂಚನೆ. ಮುಂದುವರಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ತೋಳು ದಪ್ಪವಿದ್ದವರಿಗೆ ದೊಡ್ಡ ಪಟ್ಟಿಯಿಂದಲೇ ಬಿ.ಪಿ. ನೋಡತಕ್ಕದ್ದು, ಚಿಕ್ಕ ಪಟ್ಟಿಯಲ್ಲಿ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಸ್ಕ್ಯಾನಿಂಗಿನಲ್ಲಿಯೂ ಹೊಟ್ಟೆಯ ಕೊಬ್ಬಿನಿಂದಾಗಿ ಶಿಶುವಿನ ಅಂಗಾಂಗಗಳು ಸ್ಪಷ್ಟವಾಗಿ ಕಾಣದಿರಬಹುದು. ಗರ್ಭಪಾತ, ನಿರ್ಜೀವ ಜನನ, ಸಿಸೇರಿಯನ್, ಗಾಯ ಕೀವಾಗುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವೂ ಸ್ಥೂಲಕಾಯದವರಲ್ಲಿ ಹೆಚ್ಚು.

ದಪ್ಪಗಿರುವವರಿಗೆ ರಕ್ತಹೀನತೆ ಇರದೆಂಬುದು ತಪ್ಪು ತಿಳಿವಳಿಕೆ. ಕಬ್ಬಿಣಾಂಶದ ಮಾತ್ರೆ ಅವರಿಗೂ ಬೇಕು.

ಆಹಾರ ಕ್ರಮ

ಬಸಿರಿನಲ್ಲಿ ತೂಕ ಇಳಿಸುವ ಉಪವಾಸ, ಔಷಧಿ ಸಲ್ಲದು. ಏರಿಕೆಯನ್ನು ಮಿತಿಯಲ್ಲಿಡುವುದು ಗುರಿ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾಗಿ ಇತರೆಡೆಯೂ ಬಳಕೆಯಲ್ಲಿರುವ ಮಾರ್ಗಸೂಚಿಯಂತೆ ಸೂಚ್ಯಂಕ 30 ದಾಟಿದವರು ಒಟ್ಟು 5ರಿಂದ 9 ಕೆ.ಜಿ., 25ರಿಂದ 30ರೊಳಗಿನವರು 7ರಿಂದ 11.5 ಕೆ.ಜಿ. ಏರಿದರೆ ಸಾಕು.

‘ಇಬ್ಬರ ಊಟ ಮಾಡಬೇಕು’ ಎಂಬ ಹಿರಿಯರ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವಿಲ್ಲ. ನಮ್ಮ ಭಾಗದ ರಾಗಿ, ಅವರೆ, ಹುರುಳಿ, ಸೊಪ್ಪು ಉತ್ತಮ ಆಹಾರವೇ. ಮುದ್ದೆಯ ಗಾತ್ರ ಕಿರಿದಾಗಿಸಿ ಸೊಪ್ಪು-ಕಾಳಿನ ಪಾಲು ಹೆಚ್ಚಿಸಿದರೆ ಸಾಕಾಗುತ್ತದೆ. ತೆಂಗಿನ ಸೀಮೆಯಾದ್ದರಿಂದ ಕಾಯಿ, ಕೊಬ್ಬರಿ ಧಾರಾಳ. ಅದಕ್ಕೆ ಮಿತಿ ಇರಲಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಊಟವನ್ನು ಇವರೂ ಪಡೆಯಬಹುದು. ಆದರೆ ಅದು ಮನೆಯ ಮಧ್ಯಾಹ್ನದ ಊಟಕ್ಕೆ ಬದಲಿಯೇ ಹೊರತು ಹೆಚ್ಚುವರಿಯಲ್ಲ. ವೈದ್ಯರು ಬೇಡವೆನ್ನದಿದ್ದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವುದು ಒಳ್ಳೆಯದು.

ಬಾಣಂತನದಲ್ಲಿಯೂ ಹಾಸಿಗೆ ಬಿಟ್ಟು ಏಳಗೊಡದೆ ತುಪ್ಪ, ಕೊಬ್ಬರಿ ಉಣಿಸುವ ಪದ್ಧತಿ ಸ್ಥೂಲಕಾಯದವರಿಗೆ ಅಪಾಯಕರ. ರಕ್ತ ಹೆಪ್ಪುಗಟ್ಟದಿರಲು ಬೇಗನೆ ಎದ್ದು ಓಡಾಡಬೇಕು.

ಹೆರಿಗೆಯ ಸ್ಥಳ

ಈ ವಿಷಯವನ್ನು ಕೊನೆಯ ಗಳಿಗೆಗೆ ಬಿಡತಕ್ಕದ್ದಲ್ಲ. ಶಸ್ತ್ರಚಿಕಿತ್ಸೆ, ಅರಿವಳಿಕೆ ತಜ್ಞರು, ರಕ್ತ ಮತ್ತು ನವಜಾತ ಶಿಶು ಆರೈಕೆ ಲಭ್ಯವಿರುವ ಕಡೆಯಲ್ಲಿಯೇ ಹೆರಿಗೆ ಆಗುವುದು ಕ್ಷೇಮ. ಗುಬ್ಬಿಯಿಂದ ತುಮಕೂರು ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಸುಮಾರು 35 ಕಿ.ಮೀ. ದೂರವಿದ್ದು, ನೋವು ಆರಂಭವಾದ ಮೇಲೆ ರಾತ್ರಿ ವೇಳೆ ಈ ದೂರ ಸಣ್ಣದಲ್ಲ. ತಾಲ್ಲೂಕು ಆಸ್ಪತ್ರೆಯೇ ಸಾಕೇ, ಜಿಲ್ಲಾ ಆಸ್ಪತ್ರೆಗೆ ಹೋಗಬೇಕೇ ಎಂಬುದನ್ನು ಎಂಟನೆಯ ತಿಂಗಳೊಳಗೆ ವೈದ್ಯರಿಂದ ತಿಳಿದುಕೊಳ್ಳುವುದು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ತಾಯಿ ಕಾರ್ಡ್ ಜೊತೆಗೊಯ್ದು, ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸತಕ್ಕದ್ದು.

ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಒಂದೇ ಕಾಲಿನಲ್ಲಿ ಬಾವು ಮತ್ತು ನೋವು, ಉಸಿರಾಟದ ತೊಂದರೆ, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಗಡಿಬಿಡಿಯಲ್ಲಿ ತಾಯಿ ಕಾರ್ಡ್ ಮರೆತಿದ್ದರೂ ಹಿಂದಿರುಗದೆ ನೇರವಾಗಿ ಆಸ್ಪತ್ರೆಗೆ ಹೋಗುವುದು.