ಒಂಟಿ ಮುಪ್ಪು ಮತ್ತು ಜೊತೆಗಾರ ಯಂತ್ರ: ಚಿತ್ತಾಪುರ ಸೀಮೆಯ ಮಾತಿನ ಹಿನ್ನೆಲೆಯಲ್ಲಿ

ವೃದ್ಧರ ಒಂಟಿತನ ನೀಗಿಸಲು ರೂಪುಗೊಂಡ ಯಂತ್ರಗಳಲ್ಲಿ ಬಹಳ ಪರೀಕ್ಷೆಗೆ ಒಳಗಾದದ್ದು ಜಪಾನಿನ ‘ಪಾರೋ’. ತಕನೋರಿ ಶಿಬಾತ 1993ರಲ್ಲಿ ಇದರ ಕೆಲಸ ಆರಂಭಿಸಿದರು. 2005ರಲ್ಲಿ ಅದು ಮಾರಾಟಕ್ಕೆ ಬಂತು. ಬಿಳಿ ತುಪ್ಪಳದ ಸೀಲ್ ಮರಿಯ ರೂಪ, ತೂಕ ಹಸುಗೂಸಿನಷ್ಟು. ಸವರಿದರೆ ಕಣ್ಣು ಮುಚ್ಚುತ್ತದೆ, ಕರೆದರೆ ಕತ್ತು ಹೊರಳಿಸುತ್ತದೆ, ಮಾತನಾಡುವುದಿಲ್ಲ. ನಾಯಿ ಬೆಕ್ಕಿನ ರೂಪ ಕೊಟ್ಟರೆ ಜನ ನಿಜವಾದ ಪ್ರಾಣಿಯೊಡನೆ ಹೋಲಿಸಿ ಕೊರತೆ ಹುಡುಕುತ್ತಾರೆ, ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ಕಡಿಮೆ ಎಂಬ ಎಣಿಕೆಯಿಂದ ಈ ರೂಪವನ್ನು ಆರಿಸಲಾಯಿತು. ಚಿತ್ತಾಪುರ ಸೀಮೆಯ ಚರ್ಚೆಗೆ ಈ ಸಣ್ಣ ಸಂಗತಿಯೇ ಕೀಲಿಕೈ.

ನ್ಯೂಜಿಲೆಂಡಿನ ಒಂದು ವೃದ್ಧಾಶ್ರಮದಲ್ಲಿ 40 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾರೋ ಜೊತೆ ಕಾಲ ಕಳೆದವರ ಒಂಟಿತನ ತಗ್ಗಿತು. ಅಲ್ಲಿ ಸಾಕಿದ ನಾಯಿಗಿಂತ ಯಂತ್ರದ ಬಗ್ಗೆಯೇ ಹಿರಿಯರು ತಮ್ಮತಮ್ಮಲ್ಲಿ ಹೆಚ್ಚು ಮಾತಾಡಿಕೊಂಡರು. ಆಸ್ಟ್ರೇಲಿಯಾದಲ್ಲಿ ಮರೆವಿನ ಕಾಯಿಲೆಯ 415 ಮಂದಿಯನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಆರೈಕೆಗಿಂತ ಪಾರೋ ಮೇಲಾಗಿ ಕಂಡರೂ ಬರಿಯ ಮೆತ್ತನೆ ಬೊಂಬೆಗಿಂತ ಅದರ ಮೇಲುಗೈ ಅಲ್ಪವೇ ಆಗಿತ್ತು. ಯಂತ್ರದ ಸುತ್ತ ನಾಲ್ಕು ಜನ ಕೂಡಿದ್ದೇ ಅದರ ಫಲದ ದೊಡ್ಡ ಪಾಲು ಎಂದು ಎರಡನ್ನೂ ಕೂಡಿಸಿ ಓದಿದಾಗ ಅನ್ನಿಸುತ್ತದೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್, ವಾಡಿ: ಇದು ತೊಗರಿ, ಸುಣ್ಣಕಲ್ಲು, ಸಿಮೆಂಟಿನ ಸೀಮೆ. ರಾಶಿ ಮುಗಿದ ಮೇಲೆ ದುಡಿಯುವ ಕೈಗಳು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನ ದಾರಿ ಹಿಡಿಯುತ್ತವೆ. ಊರಲ್ಲಿ, ತಾಂಡಾದಲ್ಲಿ ಮುದುಕರು ಮೊಮ್ಮಕ್ಕಳೊಡನೆ ಉಳಿಯುತ್ತಾರೆ. 2017-18ರ ರಾಷ್ಟ್ರೀಯ ವಯೋವೃದ್ಧರ ಸಮೀಕ್ಷೆಯ ಪ್ರಕಾರ ದೇಶದ ಹಿರಿಯರಲ್ಲಿ ಒಬ್ಬರೇ ವಾಸಿಸುವವರು ಶೇ. 5.7. ಮೊಮ್ಮಗನ ಜೊತೆಗಿರುವ ಅಜ್ಜಿ ಈ ಲೆಕ್ಕಕ್ಕೆ ಬರುವುದಿಲ್ಲ. ಅವಳ ವಯಸ್ಸಿನವರೊಡನೆ ಆಡುವ ಮಾತು ಮಾತ್ರ ಅವಳಿಗೆ ದಕ್ಕುವುದಿಲ್ಲ. ವಾಡಿ, ಶಹಾಬಾದಿನ ಒಂಟಿತನದ ಬಗೆ ಬೇರೆ. ಕಾರ್ಖಾನೆಯಿಂದ ನಿವೃತ್ತರಾದ ದಿನವೇ ಪಾಳಿ ತಪ್ಪುತ್ತದೆ, ಕ್ವಾರ್ಟರ್ಸ್ ಬಿಡಬೇಕಾಗುತ್ತದೆ, ಓಣಿಯ ಸಂಗಡಿಗರು ದೂರವಾಗುತ್ತಾರೆ.

ಈ ಸೀಮೆಗೆ ತನ್ನದೇ ಮದ್ದುಗಳಿವೆ: ಊರಬಾಗಿಲ ಅಗಸಿ ಕಟ್ಟೆ, ಗುಡಿಯ ಭಜನೆ, ತತ್ವಪದದ ರಾತ್ರಿಗಳು. ಆದರೆ ಅಗಸಿ ಕಟ್ಟೆ ಗಂಡಸರದು. ಹೆಂಗಸರಿಗೆ ಉಳಿದದ್ದು ಮನೆಮುಂದಿನ ಫರ್ಸಿ ಕಲ್ಲಿನ ಕಟ್ಟೆ. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಎದುರು ಮನೆಯವಳೊಡನೆ ಆಡುವ ಮಾತು, ಆ ಮನೆಗೆ ಬೀಗ ಬಿದ್ದ ದಿನ ನಿಲ್ಲುತ್ತದೆ. ಒಂಟಿತನದ ಚರ್ಚೆ ಹೆಂಗಸರಿಂದ, ಅದರಲ್ಲೂ ವಿಧವೆಯರಿಂದ, ಶುರುವಾಗಬೇಕಾದದ್ದು ಇದಕ್ಕಾಗಿ.

ಇಲ್ಲಿಗೆ ಮಾತಾಡುವ ಯಂತ್ರ ಬಂದರೆ ಏನಾದೀತು? “ಏನ್ ಮಾಡ್ಲಕತ್ತಿ ಮುತ್ಯಾ, ಉಂಡಿ ಏನ?” ಎಂಬುದು ಮನೆಯವರ ಮಾತು. “ಅಜ್ಜ, ತಾವು ಊಟ ಮಾಡಿದಿರಾ?” ಎಂಬುದು ಕಚೇರಿಯ ಮಾತು; ಗೌರವ ಹೆಚ್ಚು, ಬಳಕೆ ಕಡಿಮೆ. ಸೀಲ್ ಮರಿಯನ್ನು ಅರಿಯದವರು ಪಾರೋವನ್ನು ಒಪ್ಪಿಯಾರು, ಮಾತನ್ನು ಅರಿಯದವರು ಯಾರೂ ಇಲ್ಲ. ಕಚೇರಿಯ ಮಾತಾಡಿದರೆ ಯಂತ್ರ ಮೊದಲ ವಾಕ್ಯದಲ್ಲೇ ಪರವೂರಿನದಾಗುತ್ತದೆ. ಜೊತೆಗೆ ಸೇಡಂ ಗಡಿಯ ತೆಲುಗು, ಶಹಾಬಾದಿನ ದಖನಿ ಉರ್ದು, ತಾಂಡಾದ ಲಂಬಾಣಿ ಒಂದೇ ಸೀಮೆಯಲ್ಲಿ ಬೆರೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆಜಿಲ್ಲೆಯ ಆಡುಮಾತಿನ ಧ್ವನಿ ಸಂಗ್ರಹಿಸುತ್ತಿರುವುದು ಈ ಕಾರಣಕ್ಕೆ ಮಹತ್ವದ್ದು. ಕಲಬುರಗಿಯ ಮುದುಕಿಯ ದನಿಯೂ ಅದರಲ್ಲಿ ಸೇರಲೇಬೇಕು.

ಯಂತ್ರವೇ ಮಾತಾಡಬೇಕಿಲ್ಲದ ದಾರಿಯೂ ಇದೆ. ಬೆಂಗಳೂರಿನ ಇನ್ವೆಂಟೊ ಸಂಸ್ಥೆಯ ‘ಮಿತ್ರ’ ರೋಬೋ ಕೊರೊನಾ ಕಾಲದಲ್ಲಿ ಆಸ್ಪತ್ರೆಗಳಲ್ಲಿ ದುಡಿಯಿತು. ನೋಯ್ಡಾದ ಆಸ್ಪತ್ರೆಯೊಂದರಲ್ಲಿ ಅದು ರೋಗಿಯ ಹಾಸಿಗೆಯ ಬಳಿ ಹೋಗಿ, ಎದೆಯ ಪರದೆಯಲ್ಲಿ ಮನೆಯವರ ಮುಖ ತೋರಿಸುತ್ತಿತ್ತು. ಯಂತ್ರದಿಂದ ಆಗಬೇಕಾದ ಕೆಲಸ ಇದೇ: ತಾನು ನೆಂಟನಾಗದೆ ನೆಂಟರನ್ನು ಕರೆತರುವುದು. ಒಂಟಿ ವೃದ್ಧರಿಗೆ ದಕ್ಷಿಣ ಕೊರಿಯಾದಲ್ಲಿ ಹಂಚುವ ‘ಹ್ಯೋದೋಲ್’ ಎಂಬ ಬೊಂಬೆ-ರೋಬೋ ಹಿಂದೆಯೂ, ಅದರಿಂದ ಹಿರಿಯರ ಸುದ್ದಿ ತಿಳಿದೊಡನೆ ವಿಚಾರಿಸುವ ಸಮಾಜ ಕಾರ್ಯಕರ್ತರಿದ್ದಾರೆ. ಆದರೆ ಯಂತ್ರಕ್ಕೂ ಆರೈಕೆ ಬೇಕು: ಜಪಾನಿನ ಆರೈಕೆ ಕೇಂದ್ರದಲ್ಲಿ ಕ್ಷೇತ್ರಕಾರ್ಯ ಮಾಡಿದ ಜೇಮ್ಸ್ ರೈಟ್ 2023ರ ತಮ್ಮ ಪುಸ್ತಕದಲ್ಲಿ, ರೋಬೋಗಳನ್ನು ನೋಡಿಕೊಳ್ಳುವುದೇ ಸಿಬ್ಬಂದಿಗೆ ಹೆಚ್ಚಿನ ಹೊರೆಯಾದುದನ್ನು ದಾಖಲಿಸಿದ್ದಾರೆ.

ಪಾರೋ ಒಂದರ ಬೆಲೆ ಸುಮಾರು 6,000 ಡಾಲರ್, ಅಂದರೆ ಹಲವು ಲಕ್ಷ ರೂಪಾಯಿ. ಆ ಹಣದಲ್ಲಿ ಊರಿನ ಒಬ್ಬ ಹೆಣ್ಣುಮಗಳಿಗೆ ವರ್ಷಗಟ್ಟಲೆ ಗೌರವಧನ ಕೊಟ್ಟು, ದಿನಕ್ಕೆ ಹತ್ತು ಮನೆ ತಟ್ಟಿ ಮಾತಾಡಿಸಿ ಬರುವ ಹೊಣೆ ವಹಿಸಬಹುದು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಮಧ್ಯಾಹ್ನದ ಎರಡು ಗಂಟೆ ಹಿರಿಯ ಹೆಂಗಸರಿಗೆ ಮೀಸಲಾಗಲಿ. ಯಂತ್ರ ಬರುವುದಾದರೆ ಅಲ್ಲಿಗೆ, ಎಲ್ಲರ ನಡುವೆ ಬರಲಿ. ಅಲ್ಲಿಯವರೆಗೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕರೆ ಉಚಿತ, ಆ ಕಡೆಯಿಂದ ಮಾತಾಡುವುದು ಮನುಷ್ಯರೇ.