ಎರಡು ದಿನದ ಆಟ, ಮೂರು ವಾರದ ಮಾತು: ಗೇಮ್ ಜಾಮ್ ನಡೆದು ಬಂದ ದಾರಿ

ಕಂಪ್ಯೂಟರ್ ಆಟ ಎಂದೊಡನೆ ಹೆತ್ತವರ ಹುಬ್ಬು ಗಂಟಿಕ್ಕುತ್ತದೆ. ಮೇಷ್ಟ್ರುಗಳಾದ ನಮ್ಮದೂ ಅಷ್ಟೇ! ಮಕ್ಕಳು ಆಟ ಆಡುವುದರ ಬಗ್ಗೆ ಎಲ್ಲರೂ ಬೇಕಾದಷ್ಟು ಮಾತಾಡುತ್ತೇವೆ. ಆಟ ಕಟ್ಟುವುದರ ಬಗ್ಗೆ ಮಾತಾಡುವವರು ಕಡಿಮೆ. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಒಬ್ಬರೋ ಇಬ್ಬರೋ ಕೂತು, ಎರಡೇ ದಿನದಲ್ಲಿ ಒಂದು ಪುಟ್ಟ ಆಟ ಕಟ್ಟುವ ಪದ್ಧತಿಯೊಂದು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದುಕೊಂಡು ಬಂದಿದೆ. ಅದರ ಹೆಸರು ಗೇಮ್ ಜಾಮ್. ಅದರ ಚರಿತ್ರೆಯಲ್ಲಿ ನಮ್ಮ ಶಾಲೆಗಳಿಗೆ ಕಲಿಯಲು ಸಾಕಷ್ಟಿದೆ ಎಂದು ನಮಗೆ ಅನಿಸಿದ್ದರಿಂದ ಈ ಲೇಖನ.

ಜಾಮ್ ಎಂದರೆ ಬ್ರೆಡ್ಡಿಗೆ ಸವರುವ ಜಾಮ್ ಅಲ್ಲ. ಜಾಸ್ ಸಂಗೀತಗಾರರು ಮೊದಲೇ ತಯಾರಿ ಮಾಡದೆ ಒಟ್ಟಿಗೆ ಕೂತು, ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುವುದಕ್ಕೆ ಜಾಮ್ ಎನ್ನುತ್ತಾರೆ. ನಮ್ಮ ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ತಾಳಮದ್ದಳೆ ನೋಡಿದವರೇ ಎಲ್ಲರೂ! ಪ್ರಸಂಗ ಯಾವುದೆಂದು ಗೊತ್ತಿದೆ, ಪದ್ಯ ಗೊತ್ತಿದೆ. ಆದರೆ ಅರ್ಥಧಾರಿಯ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಬೇಕು. ಮರುದಿನ ಊರೆಲ್ಲ ಅದೇ ವಿಮರ್ಶೆ. ಗೇಮ್ ಜಾಮಿನಲ್ಲೂ ಹಾಗೆಯೇ. ಪ್ರಸಂಗದ ಬದಲು ಒಂದು ವಿಷಯ, ರಾತ್ರಿಯ ಬದಲು ಎರಡು ದಿನ.

ಮೊದಲ ಹೆಜ್ಜೆ: 2002

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲೆಂಡಿನಲ್ಲಿ 2002ರ ಮಾರ್ಚ್ ತಿಂಗಳಲ್ಲಿ ಕ್ರಿಸ್ ಹೆಕರ್ ಮತ್ತು ಶಾನ್ ಬ್ಯಾರೆಟ್ ಎಂಬವರು ಕೆಲವು ಪ್ರೋಗ್ರಾಮರ್ ಗೆಳೆಯರನ್ನು ಒಂದೆಡೆ ಸೇರಿಸಿದರು. ಇದೇ ಇಂಡೀ ಗೇಮ್ ಜಾಮ್. ಒಂದೇ ಪರದೆಯ ಮೇಲೆ ಲಕ್ಷ ಚಿತ್ರಗಳನ್ನು ಓಡಾಡಿಸಬಲ್ಲ ತಂತ್ರಾಂಶವೊಂದನ್ನು ಮೊದಲೇ ಸಿದ್ಧ ಮಾಡಿ ಎಲ್ಲರಿಗೂ ಹಂಚಲಾಗಿತ್ತು. ಇದನ್ನಿಟ್ಟುಕೊಂಡು ಏನಾದರೂ ಹೊಸತು ಮಾಡಿ ಎಂಬುದಷ್ಟೇ ಸವಾಲು. ಹುಟ್ಟಿದ ಆಟಗಳನ್ನು ಅದೇ ವರ್ಷ ಆಟ ತಯಾರಕರ ವಾರ್ಷಿಕ ಸಮ್ಮೇಳನದ ಪ್ರಯೋಗ ಗೋಷ್ಠಿಯಲ್ಲಿ ತೋರಿಸಲಾಯಿತು.

ಇದಕ್ಕೆ ಕಾರಣವೂ ಇತ್ತು. ಆ ಹೊತ್ತಿಗೆ ದೊಡ್ಡ ಆಟಗಳ ಖರ್ಚು ವಿಪರೀತ ಏರಿತ್ತು. ಕೋಟಿಗಟ್ಟಲೆ ಹಣ ಹಾಕುವವರು ಹೊಸ ಪ್ರಯೋಗಕ್ಕೆ ಹೆದರುತ್ತಾರೆ, ಹಿಂದೆ ಗೆದ್ದದ್ದನ್ನೇ ಮತ್ತೆ ಮಾಡುತ್ತಾರೆ. ಸೋತರೆ ಎರಡೇ ದಿನ ಹಾಳು ಎಂದಾದರೆ ಮಾತ್ರ ಧೈರ್ಯ ಬರುವುದು.

ಅದೇ ವರ್ಷದ ಏಪ್ರಿಲಿನಲ್ಲಿ ಜೆಫ್ ಹೌಲೆಂಡ್ ಎಂಬವರು ಲುಡಮ್ ಡೇರ್ ಆರಂಭಿಸಿದರು. ಲ್ಯಾಟಿನ್ ಭಾಷೆಯ ಈ ಹೆಸರಿನ ಅರ್ಥ 'ಆಟ ಕೊಡುವುದು'. ಮೊದಲ ಸಲ ಅವಧಿ 24 ಗಂಟೆ. ಆಮೇಲೆ ಅದು 48 ಗಂಟೆಯಾಯಿತು. ಇದರ ವೈಶಿಷ್ಟ್ಯವೇನೆಂದರೆ ಯಾರನ್ನೂ ಆಹ್ವಾನಿಸಬೇಕಾಗಿಲ್ಲ, ಯಾವ ಊರಿನಿಂದಲೂ ಸೇರಬಹುದು. ವಿಷಯವನ್ನು ಸ್ಪರ್ಧಿಗಳೇ ಮತ ಹಾಕಿ ಆರಿಸುತ್ತಾರೆ. ಮುಖ್ಯ ಸ್ಪರ್ಧೆಯಲ್ಲಿ ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವನ್ನೂ ಒಬ್ಬರೇ ಆ ಅವಧಿಯಲ್ಲೇ ಮಾಡಬೇಕು. ಬಹುಮಾನ? ಏನೂ ಇಲ್ಲ! ಮಾಡಿದ ಆಟವೇ ಬಹುಮಾನ.

ಮಾತಿನ ಸಾಲ, ಮಾತಿನ ಮರುಪಾವತಿ

ಲುಡಮ್ ಡೇರ್‌ನ ನಿಜವಾದ ಕೊಡುಗೆ ಆ ಎರಡು ದಿನಗಳಲ್ಲಿ ಇಲ್ಲ, ಅದರ ನಂತರದ ಸುಮಾರು ಮೂರು ವಾರಗಳಲ್ಲಿ ಇದೆ. ತೀರ್ಪುಗಾರರ ಮಂಡಳಿ ಎಂಬುದೊಂದು ಅಲ್ಲಿ ಇರಲಿಲ್ಲ. ಆಟ ಮಾಡಿದವರೇ ಒಬ್ಬರಿನ್ನೊಬ್ಬರ ಆಟ ಆಡಿ, ಹೊಸತನ, ಮೋಜು, ವಿಷಯಕ್ಕೆ ಹೊಂದಿಕೆ, ಚಿತ್ರ, ಸದ್ದು ಎಂದು ಬೇರೆಬೇರೆಯಾಗಿ ಅಂಕ ಕೊಟ್ಟು, ಜೊತೆಗೆ ಅನಿಸಿಕೆಯನ್ನೂ ಬರೆಯಬೇಕು.

ಸಾವಿರಾರು ಆಟಗಳು ಬಂದಾಗ ನನ್ನ ಆಟವನ್ನು ಯಾರು ಆಡುತ್ತಾರೆ? ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಯಾರು ಹೆಚ್ಚು ಮಂದಿಯ ಆಟ ಆಡಿ ಅಭಿಪ್ರಾಯ ಕೊಡುತ್ತಾರೋ ಅವರ ಆಟ ಪಟ್ಟಿಯಲ್ಲಿ ಮುಂದೆ ಬರುತ್ತದೆ. ಕೊಟ್ಟವನಿಗೆ ಸಿಗುತ್ತದೆ! ನಮ್ಮ ಹಳ್ಳಿಗಳಲ್ಲಿ ನಾಟಿಗೆ, ಮನೆ ಹೊದೆಸುವುದಕ್ಕೆ ಒಬ್ಬರಿಗೊಬ್ಬರು ಮೈಗೆಲಸ ಕೊಡುತ್ತಿದ್ದ ಲೆಕ್ಕದಂತೆಯೇ ಇದೂ.

ಅಭ್ಯಾಸದಿಂದ ಒಂದು ಶಿಸ್ತೂ ಬೆಳೆಯಿತು. 'ಚೆನ್ನಾಗಿದೆ' ಎಂದರೆ ಮಾಡಿದವನಿಗೆ ಏನೂ ಸಿಗುವುದಿಲ್ಲ. 'ಚೆನ್ನಾಗಿಲ್ಲ' ಎಂದರೂ ಅಷ್ಟೇ. 'ಎರಡನೇ ಹಂತದಲ್ಲಿ ಬಾಗಿಲು ತೆರೆಯುವುದು ಹೇಗೆಂದು ತಿಳಿಯಲಿಲ್ಲ, ಕೀಲಿಯನ್ನು ಹಣ್ಣು ಎಂದುಕೊಂಡೆ' ಎಂದರೆ ಅದು ಉಪಯೋಗಕ್ಕೆ ಬರುವ ಮಾತು. ಏನು ಮಾಡಬೇಕು ಎಂದು ಆಟಗಾರ ಹೇಳಬೇಕಾಗಿಲ್ಲ; ತನಗೆ ಏನಾಯಿತು ಎಂದು ಹೇಳಿದರೆ ಸಾಕು.

ಬೀಜದಿಂದ ಮರ

2005ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಒಂದು ಪಣ ತೊಟ್ಟರು. ಒಂದು ಆಟಕ್ಕೆ ಒಬ್ಬರು, ಏಳು ದಿನಕ್ಕಿಂತ ಹೆಚ್ಚಿಲ್ಲ. ಒಂದೇ ಸೆಮಿಸ್ಟರಿನಲ್ಲಿ 50ಕ್ಕೂ ಹೆಚ್ಚು ಆಟಗಳಾದವು. ಹೆಚ್ಚಿನವು ಮರೆತುಹೋದವು. ಆದರೆ ಕೈಲ್ ಗೇಬ್ಲರ್ ಮಾಡಿದ, ಅಂಟಿನ ಉಂಡೆಗಳಿಂದ ಗೋಪುರ ಕಟ್ಟುವ 'ಟವರ್ ಆಫ್ ಗೂ' ಜನರಿಗೆ ಹಿಡಿಸಿತು. ಅದೇ ಬೆಳೆದು 2008ರಲ್ಲಿ 'ವರ್ಲ್ಡ್ ಆಫ್ ಗೂ' ಎಂಬ ಪೂರ್ಣ ಆಟವಾಗಿ ಹೆಸರು ಮಾಡಿತು.

2009ರ ಜನವರಿ ಕೊನೆಯಲ್ಲಿ ಮೊದಲ ಗ್ಲೋಬಲ್ ಗೇಮ್ ಜಾಮ್ ನಡೆಯಿತು. 23 ದೇಶಗಳ 53 ಕಡೆಗಳಲ್ಲಿ ಸುಮಾರು 1,650 ಮಂದಿ ಒಂದೇ ವಾರಾಂತ್ಯದಲ್ಲಿ ಕೂತರು. ಇದು ಸ್ಪರ್ಧೆಯೇ ಅಲ್ಲ, ಕೂಡುವುದೇ ಮುಖ್ಯ. 2013ರಲ್ಲಿ ಅವರು ಕೊಟ್ಟ ವಿಷಯ ಶಬ್ದವೂ ಅಲ್ಲ, ವಾಕ್ಯವೂ ಅಲ್ಲ, ಎದೆಬಡಿತದ ಸದ್ದು!

ಭಾಷೆ ಕಲಿಸುವ ನಮಗೆ ಬಹಳ ಇಷ್ಟವಾದ ಉದಾಹರಣೆ 'ಬಾಬಾ ಈಸ್ ಯೂ'. ಫಿನ್ಲೆಂಡಿನ ಆರ್ವಿ ತೇಯ್ಕಾರಿ ಇದನ್ನು 2017ರ ನಾರ್ಡಿಕ್ ಗೇಮ್ ಜಾಮಿನಲ್ಲಿ ಮಾಡಿ ಗೆದ್ದರು. ಪೂರ್ಣ ಆಟ 2019ರಲ್ಲಿ ಬಂತು. ಇದರಲ್ಲಿ ಆಟದ ನಿಯಮಗಳೇ ಪರದೆಯ ಮೇಲೆ ಶಬ್ದಗಳಾಗಿ ಬಿದ್ದಿರುತ್ತವೆ. 'ಗೋಡೆ ಎಂದರೆ ತಡೆ' ಎಂಬರ್ಥದ ವಾಕ್ಯದಿಂದ ಒಂದು ಶಬ್ದವನ್ನು ತಳ್ಳಿದರೆ ಗೋಡೆ ತಡೆಯುವುದಿಲ್ಲ, ದಾಟಿ ಹೋಗಬಹುದು. ವ್ಯಾಕರಣವೇ ಆಟ! ಇದು ಇಂಗ್ಲಿಷ್ ವಾಕ್ಯದ ಕಟ್ಟಡಕ್ಕೆ ಒಗ್ಗಿದ ಆಟ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಅಂಟುತ್ತದೆ. ಶಬ್ದಗಳ ಬದಲು ಪ್ರತ್ಯಯಗಳನ್ನು ತಳ್ಳುವ ಆಟ ಹೇಗಿರಬಹುದು? 'ಮರವು' ಎಂಬುದನ್ನು 'ಮರಕ್ಕೆ' ಮಾಡಿದರೆ ಏನಾಗಬೇಕು? ಅದನ್ನು ಅನುವಾದಿಸಲು ಬರುವುದಿಲ್ಲ, ಕನ್ನಡದಲ್ಲಿ ಯೋಚಿಸುವವರೇ ಹೊಸದಾಗಿ ಕಟ್ಟಬೇಕು.

ಒಂದು ಎಚ್ಚರಿಕೆಯ ಮಾತೂ ಇಲ್ಲಿದೆ. ಮೊದಲ ದಶಕದ ಎಷ್ಟೋ ಪುಟ್ಟ ಆಟಗಳು ಫ್ಲ್ಯಾಶ್ ತಂತ್ರಾಂಶದಲ್ಲಿ ಇದ್ದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪೆನಿ ಅದರ ಬೆಂಬಲ ನಿಲ್ಲಿಸಿತು. ಆಸಕ್ತರು ಹುಡುಕಿ ಕಾಪಾಡಿದ್ದು ಉಳಿಯಿತು, ಉಳಿದದ್ದು ಹೋಯಿತು. ಮಕ್ಕಳ ಕೆಲಸವನ್ನು ತೆಗೆದಿಡುವ ಅಭ್ಯಾಸ ನಮಗೂ ಬೇಕು.

ನಮ್ಮ ಅಂಗಳಕ್ಕೆ

ಇದೆಲ್ಲ ದೂರದ ದೇಶದ ಕಥೆಯಲ್ಲವೇ ಎನ್ನಬಹುದು. ಹಾಗೇನೂ ಇಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠಪುಸ್ತಕ ಕನ್ನಡದಲ್ಲೂ ಇದೆ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರಾಚ್ ನಮ್ಮ ಮಕ್ಕಳಿಗೆ ಹೊಸತಲ್ಲ. 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಕೂಟಗಳಿವೆ. ಯಂತ್ರ ಇದೆ, ತಂತ್ರಾಂಶ ಪುಕ್ಕಟೆ ಇದೆ.

ಇಲ್ಲದಿರುವುದು ಆ ಮೂರು ವಾರದ ಮಾತು. ನಮ್ಮ ಶಾಲೆಗಳಲ್ಲಿ ಮಗುವಿನ ಕೆಲಸಕ್ಕೆ ಅಂಕ ಸಿಗುತ್ತದೆ, ಆಡಿ ನೋಡುವವರು ಸಿಗುವುದಿಲ್ಲ. ತರಗತಿಗೆ ಹತ್ತು ಹನ್ನೆರಡು ಮಕ್ಕಳಿರುವ ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಈ ಕೊರತೆ ಇನ್ನೂ ಹೆಚ್ಚು. ತನ್ನ ಭಾಷೆಯಲ್ಲಿ ಮಾಡಿದ್ದನ್ನು ತನ್ನ ಭಾಷೆಯಲ್ಲೇ ಆಡಿ, ಎಲ್ಲಿ ಸಿಕ್ಕಿಬಿದ್ದೆ ಎಂದು ಹೇಳುವ ಇನ್ನೊಂದು ಮಗು ಇದ್ದರೆ ಆ ಭಾಷೆ ಬರೀ ಪರೀಕ್ಷೆಯ ಭಾಷೆಯಾಗಿ ಉಳಿಯುವುದಿಲ್ಲ. ಕಾಸರಗೋಡಿನ ಶಾಲೆಯ ಆಟವನ್ನು ತಾಳವಾಡಿಯ ಮಕ್ಕಳು ಆಡಲಿ, ಅಕ್ಕಲಕೋಟೆಯ ಆಟವನ್ನು ಮಡಕಶಿರದವರು ಆಡಲಿ.

ಒಂದು ಶನಿವಾರ ಸಾಕು. ಒಂದು ಗಾದೆಯನ್ನು ವಿಷಯವಾಗಿ ಕೊಡಿ. ಕಂಪ್ಯೂಟರ್ ಸಾಲದಿದ್ದರೆ ಕಾಗದ, ಹುಣಸೆ ಬೀಜ, ಕವಡೆ ಸಾಕು. ಚೆನ್ನೆಮಣೆ ಆಡಿದ ನಾಡು ನಮ್ಮದು. ಮಧ್ಯಾಹ್ನ ಆಟಗಳನ್ನು ಅದಲುಬದಲು ಮಾಡಿ. ಮಾಡಿದವರು ಪಕ್ಕದಲ್ಲಿ ಬಾಯಿಮುಚ್ಚಿ ನಿಂತು ನೋಡಬೇಕು, ವಿವರಿಸಬಾರದು. ಆಡಿದವರು ಮೂರು ಮಾತು ಬರೆಯಬೇಕು: ಎಲ್ಲಿ ಖುಷಿಯಾಯಿತು, ಎಲ್ಲಿ ತಡವರಿಸಿದೆ, ಮತ್ತೆ ಆಡುತ್ತೇನೆಯೇ. ಆ ಚೀಟಿಗಳನ್ನು ನೋಡಿಕೊಂಡು ಮುಂದಿನ ವಾರ ಆಟವನ್ನು ತಿದ್ದಲಿ. ಅಂಕ ಮಾತ್ರ ಬೇಡ.